ಹೊಲಸು ಹೋಗಲಿಲ್ಲ, ಹಲ್ಲು ಹೋದವು



ಬರಹ ಸ್ವಲ್ಪ ಉದ್ದ ಐತಿ. ಪುರಸೊತ್ತು ಇದ್ದಾಗ ಓದ್ರಿ, ಆದ್ರ ಪೂರ್ತಿ ಓದ್ರಿ. ಇವತ್ತು ಹಲ್ಲಿನ ಬಗ್ಗೆ ಬರೀತೀನಿ. ಭೂಮಿ, ಮೀಸಲಾತಿ, ಅಟ್ರಾಸಿಟಿ ಕೇಸು ಎಲ್ಲಾ ಬಿಟ್ಟು ಇವನಿಗೆ ಹಲ್ಲಿನ ಚಿಂತಿ ಯಾಕ ಬಂತು ಅಂತ ನಗಬ್ಯಾಡ್ರಿ. ಓದಿದ ಮ್ಯಾಲ ಹೇಳ್ರಿ.

ಹೋದ ತಿಂಗಳು ಬೀಳಗಿ ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಡಿಗ್ರಿ ಮುಗಿಸಿ ಮನೆಯಲ್ಲಿದ್ದಾಳೆ. ನನಗೆ ಚಹಾ ಕೊಟ್ಟಳು, ತಾನು ಮಾತ್ರ ಕುಡಿಯಲಿಲ್ಲ. ಯಾಕವ್ವಾ ಅಂದೆ. "ಮಾಮಾ, ಬಿಸಿದು ತಣ್ಣಂದು ಯಾವುದೂ ಬಾಯಾಗ ಹಾಕ್ಕೊಳ್ಳಾಕ ಆಗವಲ್ದು. ಹಲ್ಲು ಜುಮ್ಮ್ ಅಂತಾವ" ಅಂದಳು. ಬಚ್ಚಲ ಗೋಡೆಯ ಗೂಡಿನಲ್ಲಿ ಫೋನಿನ ಮೂಲಕ ತರಿಸಿದ ಒಂದು ಡಬ್ಬಿ ಕರಿ ಇದ್ದಿಲ ಪುಡಿ ಇತ್ತು. ಒಂದೂವರೆ ವರ್ಷದ ಹಿಂದೆ ಇವಳನ್ನು ನೋಡಲು ಬಂದ ಗಂಡಿನ ಕಡೆಯವರು "ಹುಡುಗಿ ಚಂದ ಅದಾಳ, ಹಲ್ಲು ಅಷ್ಟ ಹೊಲಸು ಅದಾವ" ಅಂತ ಹೇಳಿ ಎದ್ದು ಹೋಗಿದ್ದರಂತೆ. ಅವತ್ತಿನಿಂದ ದಿನಾ ಎರಡು ಹೊತ್ತು, ಹತ್ತತ್ತು ನಿಮಿಷ ತಿಕ್ಕಿದ್ದಾಳೆ. ಅದಕ್ಕೂ ಮೊದಲು ಸಣ್ಣಾಕಿ ಇದ್ದಾಗಿನಿಂದ ಕೆಂಪು ಹಲ್ಲುಪುಡಿ.

ಬಾಯಿ ತೆರೆಸಿ ನೋಡಿದೆ. ಕಂದು ಕಲೆ ಇದ್ದಲ್ಲೇ ಇದ್ದವು, ಒಂದೂ ಅಳಿಸಿಲ್ಲ. ಆದರೆ ಕೋರೆಹಲ್ಲಿನ ಬುಡದಲ್ಲಿ, ಒಸಡಿಗೆ ಹತ್ತಿ, ಉಗುರು ಸಿಕ್ಕಿಕೊಳ್ಳುವಷ್ಟು ತಗ್ಗು ಬಿದ್ದಿತ್ತು.

ನನಗೆ ನಮ್ಮ ಆಯಿ ನೆನಪಾದಳು. ಅವಳ ಹಲ್ಲಿಗೂ ಹಂಗೇ ತಗ್ಗು ಇದ್ದವು.

ನಾನು ಡಾಕ್ಟರ್ ಅಲ್ಲ. ಆಫೀಸಿನಲ್ಲಿ ಗುಮಾಸ್ತ, ಓದಿದ್ದು ಬಿ.ಎ., ಅದೂ ಇತಿಹಾಸ. ಆದರೆ ಹಳೆ ಫೈಲು ತೆಗೆದು ಯಾರು ಯಾವಾಗ ಏನು ಬರೆದರು ಅಂತ ನೋಡುವ ಚಟ ಕೈಗೆ ಹತ್ತಿದೆ. ಮುಂಬೈ, ಬೆಂಗಳೂರಿನಲ್ಲಿ ಹಲ್ಲಿನ ಡಾಕ್ಟರಾಗಿರುವ ನಮ್ಮ ಹುಡುಗರನ್ನು ಕೇಳಿದೆ, ಸಿಕ್ಕಿದ್ದನ್ನು ಓದಿದೆ. ಆಯಿಯ ಬಾಯಿಂದ ಅಕ್ಕನ ಮಗಳ ಬಾಯಿವರೆಗೆ ಆ ತಗ್ಗು ಹೆಂಗ ಬಂತು ಅನ್ನೋದನ್ನ ಹುಡುಕಿ ಇಲ್ಲಿ ಇಟ್ಟೀನಿ.

ಮೊದಲು ಹಳೇ ಕಾಲಕ್ಕೆ ಹೋಗೋಣ.

ಹಲ್ಲು ಹೆಂಗ ತಿಕ್ಕಬೇಕು ಅನ್ನೋ ತಿಳಿವಳಿಕೆ ಈ ನೆಲದಲ್ಲಿ ಇರಲಿಲ್ಲ ಅಂತಲ್ಲ. ಸುಶ್ರುತ ಸಂಹಿತೆ ಒಂದೊಂದೇ ಹಲ್ಲನ್ನು, ಮೆತ್ತನೆಯ ಕುಂಚದಿಂದ, ಒಸಡಿಗೆ ನೋವಾಗದಂತೆ ತಿಕ್ಕಬೇಕು ಅಂತ ಹೇಳುತ್ತದೆ. ಇವತ್ತಿನ ಡಾಕ್ಟರೂ ಅದನ್ನೇ ಹೇಳೋದು. ಪ್ರಶ್ನೆ ಏನಂದ್ರ, ಆ ತಿಳಿವಳಿಕೆ ಯಾರ ಅಂಗಳದವರೆಗೆ ಬಂತು?

ಬೌದ್ಧರ ವಿನಯಪಿಟಕದ ಚುಲ್ಲವಗ್ಗದಲ್ಲಿ ಹಲ್ಲುಕಡ್ಡಿಯ ಪ್ರಸಂಗ ಬರುತ್ತದೆ. ಭಿಕ್ಖುಗಳು ಹಲ್ಲುಕಡ್ಡಿ ಬಳಸದೆ ಬಾಯಿ ವಾಸನೆ ಹೊಡೆಯುತ್ತಿತ್ತು. ಸುದ್ದಿ ಬುದ್ಧರಿಗೆ ಮುಟ್ಟಿತು. ಅವರು ಹಲ್ಲುಕಡ್ಡಿಗೆ ಅನುಮತಿ ಕೊಟ್ಟು, ಅದರಿಂದ ಐದು ಲಾಭ ಇವೆ ಅಂತ ವಿವರಿಸಿದರು. ಬಾಯಿ ವಾಸನೆ ಹೋಗುತ್ತದೆ, ಊಟ ರುಚಿಸುತ್ತದೆ ಅನ್ನೋದು ಅದರೊಳಗೆ ಸೇರಿವೆ. ಆಮೇಲೆ ಕೆಲ ಭಿಕ್ಖುಗಳು ಉದ್ದುದ್ದ ಕಡ್ಡಿ ಹಿಡಿದು ಅದರಿಂದಲೇ ಸಣ್ಣ ಸಾಮಣೇರರಿಗೆ ಹೊಡೆಯತೊಡಗಿದರು. ಆಗ ಬುದ್ಧರು ಕಡ್ಡಿ ಎಂಟು ಬೆರಳಿಗಿಂತ ಉದ್ದ ಇರಬಾರದು ಅಂದರು. ಇನ್ನೊಬ್ಬನಿಗೆ ತೀರಾ ಗಿಡ್ಡ ಕಡ್ಡಿ ಗಂಟಲಲ್ಲಿ ಸಿಕ್ಕಿತು. ಆಗ ನಾಲ್ಕು ಬೆರಳಿಗಿಂತ ಗಿಡ್ಡ ಇರಬಾರದು ಅಂದರು. ನಿಯಮದ ಹಿಂದೆ ಇದ್ದ ಕಾರಣ ಇಷ್ಟೇ: ಸಣ್ಣವರಿಗೆ ಏಟು ಬೀಳಬಾರದು, ಯಾರಿಗೂ ಅಪಾಯ ಆಗಬಾರದು. ಸಂಘದೊಳಗೆ ಬಂದವರು ಯಾವ ಕುಲದವರಾದರೂ ಅಳತೆ ಒಂದೇ. ಮೊದಲ ಸಂಗೀತಿಯಲ್ಲಿ ಈ ವಿನಯವನ್ನು ಒಪ್ಪಿಸಿದ ಉಪಾಲಿ ಹುಟ್ಟಿನಿಂದ ಕ್ಷೌರಿಕ ಅನ್ನೋದನ್ನೂ ನೆನಪಿಡ್ರಿ.

ಇದರ ಎದುರಿಗೆ ಧರ್ಮಶಾಸ್ತ್ರದ ಪಟ್ಟಿ ಇಡ್ರಿ. ಅದರ ಕೆಲವು ಗ್ರಂಥಗಳಲ್ಲಿ ಹಲ್ಲುಕಡ್ಡಿಯ ಉದ್ದವೂ ವರ್ಣದ ಪ್ರಕಾರ ಇಳಿಯುತ್ತ ಹೋಗುತ್ತದೆ. ಬ್ರಾಹ್ಮಣನಿಗೆ ಎಲ್ಲಕ್ಕಿಂತ ಉದ್ದದ್ದು, ಕೆಳಗಿಳಿದಂತೆ ಗಿಡ್ಡ, ಹೆಣ್ಣುಮಕ್ಕಳಿಗೆ ಇನ್ನೂ ಗಿಡ್ಡ. ನಮ್ಮ ಕೇರಿಯವರಿಗೆ ಎಷ್ಟು ಅಂತ ಹುಡುಕಿದರೆ, ಆ ಪಟ್ಟಿಯಲ್ಲಿ ನಾವೇ ಇಲ್ಲ. ಬೇವಿನ ಗಿಡಕ್ಕೆ ಗೊತ್ತಿರದ ಜಾತಿ ಬೇವಿನ ಕಡ್ಡಿಗೆ ಬಂತು.

ಈಗ ನಮ್ಮ ಕಡೆ ಬರೋಣ. ನಮ್ಮ ಆಯಿ ಹುಟ್ಟಿದಾಗ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದು. ಮೂರು ಆಳ್ವಿಕೆ, ಆದರೆ ಆಯಿ ಹೇಳುತ್ತಿದ್ದ ಪ್ರಕಾರ ಕೇರಿಯ ನೀರಿನ ಸ್ಥಿತಿ ಎಲ್ಲಾ ಕಡೆ ಒಂದೇ. ಊರ ಬಾವಿಗೆ ಕೊಡ ಇಳಿಸುವಂತಿಲ್ಲ. ಯಾರಾದರೂ ಮೇಲಿನಿಂದ ಸುರಿದರೆ ಹಿಡಿಯಬೇಕು. ಇಲ್ಲಾ ಹಳ್ಳಕ್ಕೆ ಹೋಗಿ ಉಸುಕಿನಲ್ಲಿ ಒರತಿ ತೋಡಬೇಕು. ಒಂದು ಕೊಡ ನೀರಿಗೆ ಅರ್ಧ ಹೊತ್ತು. ಅಂಥ ನೀರನ್ನು ಬಾಯಿ ಮುಕ್ಕಳಿಸಿ ಉಗುಳಲು ಯಾರು ಬಳಸುತ್ತಾರೆ? ಕುಡಿಯಲು ಬೇಕು, ಅಡಿಗೆಗೆ ಬೇಕು, ಕೂಸಿಗೆ ಬೇಕು.

ಹೊಲದ ಒಡ್ಡಿನ ಮೇಲೆ ಬೇವು, ಜಾಲಿ ಇದ್ದವು. ಗಿಡ ಗೌಡರದ್ದು. ಟೊಂಗೆಗೆ ಕೈ ಹಾಕಿದರೆ ಬೈಗುಳ ಅಂತ ಆಯಿ ಹೇಳುತ್ತಿದ್ದಳು. ಹಿಂಗಾಗಿ ಕೈಗೆ ಸುಲಭವಾಗಿ ಸಿಕ್ಕಿದ್ದು ಒಲೆಯ ಬೂದಿ, ಇದ್ದಿಲು, ಕುಟ್ಟಿದ ಇಟ್ಟಂಗಿ, ಹಳ್ಳದ ಉಸುಕು, ಉಪ್ಪು ಇದ್ದಾಗ ಉಪ್ಪು. ಯಾವ ಬೂದಿಯಿಂದ ಜರ್ಮನ್ ಬೋಗಾಣಿ ತಿಕ್ಕುತ್ತಿದ್ದಳೋ ಅದೇ ಬೂದಿ ಹಲ್ಲಿಗೆ. ಬೋಗಾಣಿ ಫಳಫಳ ಹೊಳೆಯುತ್ತಿತ್ತು. ಆಮೇಲೆ ಒಂದು ದಿನ ಅದರ ತಳ ತೆಳ್ಳಗಾಗಿ ತೂತು ಬೀಳುತ್ತಿತ್ತು. ಹಲ್ಲಿಗೂ ಅದೇ ಆಯಿತು. ಬೋಗಾಣಿಗೆ ಸಂತೆಯಲ್ಲಿ ಬೆಸುಗೆ ಹಾಕುವವನು ಸಿಗುತ್ತಿದ್ದ, ಆಯಿಯ ಹಲ್ಲಿಗೆ ಯಾರೂ ಸಿಗಲಿಲ್ಲ.

ಯಾಕೆ ಹಿಂಗಾಗುತ್ತದೆ ಅನ್ನೋದನ್ನ ಸರಳವಾಗಿ ಹೇಳ್ತೀನಿ.

ಹಲ್ಲಿನ ಮೇಲಿನ ಹೊದಿಕೆ ಎನಾಮಲ್. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ತೂಕದಲ್ಲಿ ಸುಮಾರು 96 ಪಾಲು ಬರೀ ಖನಿಜ. ಆದರೆ ಅದು ಮತ್ತೆ ಬೆಳೆಯುವುದಿಲ್ಲ. ಉಗುರು ಕತ್ತರಿಸಿದರೆ ಬರುತ್ತದೆ, ಚರ್ಮ ತರಚಿದರೆ ಮಾಯುತ್ತದೆ, ಎನಾಮಲ್ ಹೋದರೆ ಹೋಯಿತು. ಅಗಿಯುವ ಹಲ್ಲಿನ ತುದಿಯಲ್ಲಿ ಅದು ಎರಡು ಮಿಲಿಮೀಟರಿಗೂ ಹೆಚ್ಚು ದಪ್ಪ, ಒಸಡಿನ ಹತ್ತಿರ ಬಂದಂತೆ ಕಾಗದದಂತೆ ತೆಳ್ಳಗಾಗಿ ಮುಗಿದುಹೋಗುತ್ತದೆ. ಅದರ ಒಳಗಿರುವುದು ಡೆಂಟಿನ್, ಹಳದಿ ಬಣ್ಣದ್ದು, ಮೆತ್ತಗಿನದು, ಎನಾಮಲ್ಲಿಗಿಂತ ಹತ್ತಾರು ಪಟ್ಟು ಬೇಗ ಸವೆಯುವಂಥದು. ಡೆಂಟಿನ್ನಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಕೊಳವೆಗಳಿವೆ. ಅವು ತೆರೆದುಕೊಂಡರೆ ತಣ್ಣೀರು, ಹುಳಿ, ಗಾಳಿ ಎಲ್ಲಾ ನರಕ್ಕೆ ಮುಟ್ಟುತ್ತವೆ. ಅದೇ ಜುಮ್ಮ್ ಅನ್ನೋದು.

ಒಂದು ವಿಚಿತ್ರ ನೋಡ್ರಿ: ಎನಾಮಲ್ ತೆಳುವಾದಷ್ಟೂ ಒಳಗಿನ ಹಳದಿ ಹೆಚ್ಚು ಕಾಣುತ್ತದೆ. ಬಿಳಿ ಆಗಲಿ ಅಂತ ತಿಕ್ಕಿದವರ ಹಲ್ಲು ಕೊನೆಗೆ ಇನ್ನಷ್ಟು ಹಳದಿ ಆಗುತ್ತದೆ. ಹಳದಿ ಆಯಿತು ಅಂತ ಮತ್ತೆ ತಿಕ್ಕುತ್ತಾರೆ.

ಖನಿಜಗಳ ಗಡಸುತನ ಅಳೆಯುವ ಮೋಸ್ ಅನ್ನೋ ಒಂದು ಅಳತೆ ಐತಿ, 1ರಿಂದ 10. ಎನಾಮಲ್ ಸುಮಾರು 5, ಡೆಂಟಿನ್ 3ರ ಆಸುಪಾಸು. ಉಸುಕಿನ ಹರಳು, ಅಂದರೆ ಕ್ವಾರ್ಟ್ಜ್, 7. ಇಟ್ಟಂಗಿ ಪುಡಿಯಲ್ಲಿ ಅದೇ ಉಸುಕು ಇರುತ್ತದೆ. ಗಟ್ಟಿ ವಸ್ತು ಮೆತ್ತಗಿನದನ್ನು ಗೀರುತ್ತದೆ, ಇದಕ್ಕೆ ವಿಜ್ಞಾನ ಓದಬೇಕಿಲ್ಲ. ಜೋಳದ ದಂಟು, ಭತ್ತದ ಹೊಟ್ಟು ಇಂಥ ಹುಲ್ಲಿನ ಜಾತಿಯ ಬೆಳೆಗಳ ಬೂದಿಯಲ್ಲಿ ಸಿಲಿಕಾ ಇರುತ್ತದೆ, ಅದೂ ಎನಾಮಲ್ಲಿಗೆ ಸೋಲುವಂಥದಲ್ಲ. ಇನ್ನು ಟೂತ್‌ಪೇಸ್ಟಿನಲ್ಲಿ ಹೆಚ್ಚಾಗಿ ಹಾಕುವ ಕ್ಯಾಲ್ಸಿಯಂ ಕಾರ್ಬೋನೇಟ್ 3. ಮುಧೋಳ ತಾಲ್ಲೂಕಿನ ಲೋಕಾಪುರದ ಸುತ್ತ ಸಿಮೆಂಟಿಗೆ ಅಗೆಯುತ್ತಾರಲ್ಲ ಆ ಸುಣ್ಣದ ಕಲ್ಲು, ಖನಿಜದ ಲೆಕ್ಕದಲ್ಲಿ ಅದೇ ವಸ್ತು. ಪೇಸ್ಟಿಗೆ ಹಾಕುವಾಗ ಅದನ್ನು ಶುದ್ಧ ಮಾಡಿ, ಹಿಟ್ಟಿಗಿಂತ ನುಣ್ಣಗೆ ಮಾಡಿ ಹಾಕುತ್ತಾರೆ. ಕಲ್ಲು ಅಂದ ಕೂಡಲೇ ಹೆದರಬೇಕಿಲ್ಲ. ಎಷ್ಟು ಗಟ್ಟಿ, ಎಷ್ಟು ನುಣುಪು, ಎಷ್ಟು ಒತ್ತಿ, ಎಷ್ಟು ಹೊತ್ತು, ಎಷ್ಟು ವರ್ಷ ಅನ್ನೋದು ಲೆಕ್ಕ.

ವರ್ಷಗಳ ಲೆಕ್ಕ ಬೇಕಾದರೆ ರಬಕವಿ-ಬನಹಟ್ಟಿಯ ನೇಕಾರ ಅಣ್ಣತಮ್ಮಂದಿರನ್ನು ಕೇಳ್ರಿ. ನೂಲು ಹಲ್ಲಿನಲ್ಲಿ ಕಚ್ಚಿ ಹರಿಯುವ ರೂಢಿ ಇದ್ದವರ ಮುಂದಿನ ಹಲ್ಲಿನ ತುದಿಗೆ ಸಣ್ಣ ಗೀರು ಬೀಳುತ್ತದೆ. ದರ್ಜಿಗಳಿಗೂ ಬೀಳುತ್ತದೆ. ಮೆತ್ತನೆಯ ನೂಲಿಗೇ ಹಲ್ಲು ಸವೆಯುತ್ತದೆ ಅಂದಮೇಲೆ ಇಟ್ಟಂಗಿ ಪುಡಿಯ ಮಾತೇನು?

ಆಯಿಯದು ಬೂದಿಯ ಕಾಲ. ನಮ್ಮ ಅವ್ವನದು ಮಿಶ್ರಿಯ ಕಾಲ.

ಮಿಶ್ರಿ ಗೊತ್ತಿಲ್ಲದವರಿಗೆ ಹೇಳ್ತೀನಿ. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಆಗುವಂತೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೂ ಒಸಡಿಗೂ ತಿಕ್ಕುವುದು. ಮಹಾರಾಷ್ಟ್ರದಲ್ಲೂ ಗಡಿಯ ಈಚೆ ನಮ್ಮಲ್ಲೂ ಇದು ಹೆಣ್ಣುಮಕ್ಕಳ ಹಲ್ಲುಪುಡಿ. ನಿಪ್ಪಾಣಿಯ ತಂಬಾಕಿನ ಸೀಮೆ ನಮಗೆ ದೂರವಿಲ್ಲ. ಕಬ್ಬು ಕಡಿಯಲು, ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳು ಹೊತ್ತು ಹುಟ್ಟುವ ಮೊದಲು ಒಂದು ಚಿಟಿಕೆ ಮಿಶ್ರಿ ತಿಕ್ಕಿದರೆ ಹಸಿವು ತಡೆಯುತ್ತದೆ, ಹಲ್ಲುನೋವು ಮರೆಯುತ್ತದೆ, ಹೊಟ್ಟೆ ಸಾಫ್ ಆಗುತ್ತದೆ ಅಂತ ನಂಬಿಕೆ. ನಿಕೋಟಿನ್ನಿಗೆ ಆ ಶಕ್ತಿ ಸ್ವಲ್ಪ ಹೊತ್ತಿಗೆ ಐತಿ. ಹಲ್ಲು ಸವೆದು ನೋಯುತ್ತದೆ, ನೋವಿಗೆ ಮಿಶ್ರಿ, ಮಿಶ್ರಿಯ ಚಟ, ಚಟಕ್ಕೆ ಮತ್ತೆ ತಿಕ್ಕುವುದು. ಹಲ್ಲಿನ ಹಾನಿಗಿಂತ ದೊಡ್ಡದು ಬಾಯಿಯ ಕ್ಯಾನ್ಸರ್. ಬೈದು ಬಿಡಿಸಬೇಕಾದ ಚಟ ಅಲ್ಲ ಇದು. ಕೂಲಿ ಮಾಡುವ ಹೆಣ್ಣುಮಗಳಿಗೆ ಬೆಳಿಗ್ಗೆ ಸಿಗುವ ಒಂದೇ ಒಂದು ಐದು ನಿಮಿಷ ಅದು. ಅವ್ವನಿಗೆ ನಾನು ಬೈದು ಬೈದು ಸೋತೆ. ಆಮೇಲೆ ತಿಳೀತು.

ಕಂಪನಿಗಳೂ ಹಲ್ಲುಪುಡಿಯೊಳಗೆ ತಂಬಾಕು ಹಾಕಿ ಮಾರುತ್ತಿದ್ದವು. 1992ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಅಡಿ ಟೂತ್‌ಪೇಸ್ಟ್, ಹಲ್ಲುಪುಡಿಗಳಲ್ಲಿ ತಂಬಾಕು ಬಳಸುವುದನ್ನು ನಿಷೇಧಿಸಿತು. ಅದರ ವಿರುದ್ಧ ಹೋದ ಲಕ್ಷ್ಮೀಕಾಂತ್ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟು ನಿಷೇಧವನ್ನೇ ಎತ್ತಿಹಿಡಿಯಿತು. ಒಳ್ಳೇ ತೀರ್ಪು. ಆದರೆ ಹಂಚಿನ ಮೇಲೆ ಮನೆಯಲ್ಲೇ ಹುರಿಯುವ ಮಿಶ್ರಿಗೆ ಆ ಕಾನೂನು ಹೆಂಗ ಮುಟ್ಟಬೇಕು? ಅದಕ್ಕೆ ಆರೋಗ್ಯ ಇಲಾಖೆಯವರು ಕೇರಿಗೆ ಬರಬೇಕು, ಕೂಲಿ ಹೆಣ್ಣುಮಕ್ಕಳ ಜೊತೆ ಕೂತು ಮಾತಾಡಬೇಕು.

ನನ್ನದು ಪಾಕೀಟಿನ ಪುಡಿಯ ಕಾಲ. ಹಳೇ ಮೈಸೂರಿನ ಕಡೆ 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಶುರು ಮಾಡಿದರು. ನಂಜನಗೂಡು ಹಲ್ಲುಪುಡಿ ಅಲ್ಲಿಂದ ಮನೆಮಾತಾಯಿತು. ಕೋಲ್ಗೇಟ್ ಕಂಪನಿ ಭಾರತದಲ್ಲಿ ನೋಂದಣಿಯಾದದ್ದು 1937ರಲ್ಲಿ. ನಮ್ಮ ಕಡೆ ಮುಂಬೈ ಮಾಲೇ ಹೆಚ್ಚು ಬರುತ್ತಿತ್ತು: ಕರಿ ಪುಡಿ, ಬಿಳಿ ಪುಡಿ, ಕೆಂಪು ಪುಡಿ. ಜಮಖಂಡಿ ಸಂತೆಯಿಂದ ಅಪ್ಪ ಕೆಂಪು ಪುಡಿಯ ಪಾಕೀಟು ತಂದ ದಿನ ನಮ್ಮ ಮನೆಯಲ್ಲಿ ಹಬ್ಬ. ಬೂದಿ ಬಿಟ್ಟು 'ಅಂಗಡಿದು' ಹಚ್ಚುವುದು ಅಂದರೆ ಮನುಷ್ಯರಾದಂತೆ ಅನಿಸುತ್ತಿತ್ತು. ಆ ಖುಷಿಯನ್ನ ನಾನು ಇವತ್ತೂ ಸಣ್ಣದು ಅನ್ನಲಾರೆ.

ಕೆಂಪು ಪುಡಿಗಳಲ್ಲಿ ಹಲವಕ್ಕೆ ಆ ಬಣ್ಣ ಕೊಡುವುದು ಕಾವಿ ಮಣ್ಣು. ಪಾಕೀಟಿನ ಮೇಲೆ 'ಗೈರಿಕ' ಅಂತ ಬರೆದಿರುತ್ತದೆ, ಓದಿ ನೋಡ್ರಿ. ಅದು ಕಬ್ಬಿಣದ ಆಕ್ಸೈಡ್ ಇರುವ ಮಣ್ಣು. ಪುಡಿಗೂ ಪೇಸ್ಟಿಗೂ ಇರುವ ಇನ್ನೊಂದು ವ್ಯತ್ಯಾಸ ಏನಂದ್ರ, ಪೇಸ್ಟಿನಲ್ಲಿ ನೀರು, ಗ್ಲಿಸರಿನ್ ಸೇರಿ ಕಣಗಳ ನಡುವೆ ಜಾರಿಕೆ ಇರುತ್ತದೆ. ಪುಡಿಯಲ್ಲಿ ಹೆಚ್ಚುಕಡಿಮೆ ಪೂರಾ ತಿಕ್ಕುವ ವಸ್ತುವೇ. ಅದನ್ನು ಒಣಗಿದ ಬೆರಳಿಗೆ ಹಚ್ಚಿ ಅಡ್ಡಡ್ಡ ಎಳೆದರೆ ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ.

ಇದು ಲೋಕಕ್ಕೆ ಯಾವಾಗ ಗೊತ್ತಾಯಿತು? ಬಹಳ ಹಿಂದೆಯೇ. ಬರ್ಲಿನ್ನಿನಲ್ಲಿ ಕಲಿಸುತ್ತಿದ್ದ ಅಮೆರಿಕದ ದಂತವೈದ್ಯ ಡಬ್ಲ್ಯೂ.ಡಿ. ಮಿಲ್ಲರ್, ಕಿತ್ತ ಹಲ್ಲುಗಳನ್ನು ಬ್ರಷ್ಷು ಮತ್ತು ಬೇರೆಬೇರೆ ಹಲ್ಲುಪುಡಿಗಳಿಂದ ತಿಕ್ಕಿ ತಿಕ್ಕಿ ನೋಡಿ, ಹಲ್ಲಿನ ಬುಡದಲ್ಲಿ ಬೀಳುವ ತಗ್ಗು ಪುಡಿಯ ಉಜ್ಜುವಿಕೆಯಿಂದ ಬರಬಲ್ಲದು ಅಂತ 1907ರಲ್ಲೇ ಪ್ರಕಟಿಸಿದ. 1958ರಲ್ಲಿ ಅಮೆರಿಕದ ಸಂಶೋಧಕರು ಕಿತ್ತ ಹಲ್ಲನ್ನು ಪರಮಾಣು ರಿಯಾಕ್ಟರಿನಲ್ಲಿಟ್ಟು ವಿಕಿರಣ ಸೂಸುವಂತೆ ಮಾಡಿ, ಆಮೇಲೆ ಪೇಸ್ಟಿನಿಂದ ತಿಕ್ಕಿದರು. ತಿಕ್ಕಿದ ನೀರಿನಲ್ಲಿ ಎಷ್ಟು ವಿಕಿರಣ ಸಿಕ್ಕಿತು ಅಂತ ಅಳೆದರೆ ಎಷ್ಟು ಹಲ್ಲು ಸವೆಯಿತು ಅನ್ನೋದು ಗೊತ್ತಾಗುತ್ತಿತ್ತು. 1976ರಲ್ಲಿ ಹೆಫೆರೆನ್ ಅನ್ನುವವರು ಈ ವಿಧಾನವನ್ನು ಪಕ್ಕಾ ಮಾಡಿ ಪ್ರಕಟಿಸಿದರು. ಅದರಿಂದ ಬಂದದ್ದು ಆರ್‌ಡಿಎ ಅನ್ನೋ ಸಂಖ್ಯೆ. ಒಂದು ಗೊತ್ತುಮಾಡಿದ ಪುಡಿಗೆ 100 ಅಂತ ಇಟ್ಟುಕೊಂಡು ಉಳಿದದ್ದನ್ನು ಅದರ ಜೊತೆ ಹೋಲಿಸುವುದು. ಐಎಸ್‌ಒ 11609 ಅನ್ನೋ ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಪೇಸ್ಟಿನ ಈ ಸಂಖ್ಯೆ 250 ದಾಟಬಾರದು. ನಮ್ಮ ಭಾರತೀಯ ಮಾನಕ ಐಎಸ್ 6356 ಕೂಡ ಟೂತ್‌ಪೇಸ್ಟಿನಲ್ಲಿ ಗಡಸು, ಚೂಪು ಅಂಚಿನ ಕಣ ಇರಬಾರದು ಅನ್ನುತ್ತದೆ.

ಅಂದರೆ ಆಯಿ ಇನ್ನೂ ಹುಟ್ಟದಿದ್ದಾಗಲೇ ಬರ್ಲಿನ್ನಿಗೆ ಗೊತ್ತಿತ್ತು. ಅಲ್ಲಿಂದ ನಮ್ಮ ಕೇರಿಗೆ ನೂರು ವರ್ಷ ಆದರೂ ಸುದ್ದಿ ಮುಟ್ಟಿಲ್ಲ. ಇವತ್ತಿಗೂ ನಾನು ಅಂಗಡಿಯಲ್ಲಿ ತಿರುಗಿಸಿ ನೋಡಿದ ಒಂದು ಪಾಕೀಟಿನ ಮೇಲೂ ಆ ಸಂಖ್ಯೆ ಇರಲಿಲ್ಲ.

ಈಗ ಮುಖ್ಯ ಮಾತಿಗೆ ಬರ್ತೀನಿ. ಅಕ್ಕನ ಮಗಳ ಹಲ್ಲಿನ ಮೇಲಿನ ಆ ಕಂದು ಕಲೆ ಏನು?

ನನ್ನ ಹಲ್ಲಿಗೂ ಅದು ಐತಿ. ನಾಲ್ಕನೇ ಇಯತ್ತೆಯಲ್ಲಿದ್ದಾಗ ಮಾಸ್ತರರು ಸೋಮವಾರ ಉಗುರು, ಹಲ್ಲು ತಪಾಸಣೆ ಮಾಡುತ್ತಿದ್ದರು. ನಮ್ಮ ಕೇರಿಯ ನಾಲ್ಕು ಹುಡುಗರನ್ನ ಬೇರೆ ನಿಲ್ಲಿಸಿ, ಬಾಯಿ ತೆರೆಸಿ, ಉಳಿದವರಿಗೆ ತೋರಿಸಿ "ಇವರು ಎಂದರ ಹಲ್ಲು ತಿಕ್ಕತಾರೇನು ನೋಡ್ರಿ" ಅಂದರು. ಎಲ್ಲರೂ ನಕ್ಕರು. ಮನೆಗೆ ಬಂದು ಇಟ್ಟಂಗಿ ಕುಟ್ಟಿ ರಕ್ತ ಬರುವವರೆಗೆ ತಿಕ್ಕಿದೆ. ಮುಂದಿನ ಸೋಮವಾರವೂ ಕಲೆ ಇತ್ತು. ಮುಂದಿನ ಸೋಮವಾರವೂ ಛಡಿ ಏಟು ಬಿತ್ತು.

ಆ ಕಲೆ ಹೊಲಸಲ್ಲ, ಫ್ಲೋರೋಸಿಸ್. ನಮ್ಮ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನ ನೀರನ್ನು ಮಗು ಮೊದಲ ಏಳೆಂಟು ವರ್ಷ ಕುಡಿದರೆ, ದವಡೆಯೊಳಗೆ ಇನ್ನೂ ತಯಾರಾಗುತ್ತಿರುವ ಹಲ್ಲಿನ ಎನಾಮಲ್ಲೇ ಕೆಡುತ್ತದೆ. ಹಲ್ಲು ಹುಟ್ಟುವ ಮೊದಲೇ ಅದರ ಗುರುತು ಬಿದ್ದಿರುತ್ತದೆ. ಮೊದಲು ಸುಣ್ಣದಂಥ ಬಿಳಿ ಪಟ್ಟೆ, ಹೆಚ್ಚಾದರೆ ಕಂದು ಬಣ್ಣ, ಇನ್ನೂ ಹೆಚ್ಚಾದರೆ ಗುಳಿ. ಅದು ಹಲ್ಲಿನ ಮೇಲೆ ಕೂತ ಕೊಳೆ ಅಲ್ಲ, ಹಲ್ಲಿನ ಒಳಗೇ ಇರುವ ಕಲೆ. ಬೂದಿ, ಇಟ್ಟಂಗಿ, ಕೆಂಪು ಪುಡಿ, ಇದ್ದಿಲು ಯಾವುದರಿಂದ ತಿಕ್ಕಿದರೂ ಹೋಗುವುದಿಲ್ಲ. ಜೋರಿನ ಫ್ಲೋರೋಸಿಸ್ ಇದ್ದ ಎನಾಮಲ್ ಮೊದಲೇ ಜೊಳ್ಳು. ತಿಕ್ಕಿದರೆ ಅದೇ ಉದುರುತ್ತದೆ.

ಊರ ಬಾವಿಗೆ ನಮ್ಮನ್ನು ಬಿಡಲಿಲ್ಲ. ಗಲಾಟೆ ಬೇಡ ಅಂತ ನಮ್ಮ ಊರಿನಲ್ಲಿ ಕೇರಿಗೆ ಬೇರೆ ಬೋರು ಹೊಡೆಸಿದರು. ಅವತ್ತು ಹಿರಿಯರು ಕಾಯಿ ಒಡೆದು ಪೂಜೆ ಮಾಡಿದರು, ಯಾಕಂದ್ರ ಜೀವಮಾನದಲ್ಲಿ ಮೊದಲ ಸಲ ನಮ್ಮದೇ ನೀರು. ಕಲ್ಲಿನ ಪದರಿನ ಜೊತೆ ಬಹಳ ಕಾಲ ಇದ್ದ ಆಳದ ನೀರಿಗೆ ಕಲ್ಲಿನ ಫ್ಲೋರೈಡ್ ಕರಗಿ ಸೇರುತ್ತದೆ ಅನ್ನೋದು ಅವರಿಗೆ ಹೆಂಗ ಗೊತ್ತಿರಬೇಕು? ಬಾವಿ ಕೊಡದ ಊರು ಬೋರು ಕೊಟ್ಟಿತು. ಬೋರಿನ ನೀರು ಹಲ್ಲಿಗೆ ಕಲೆ ಹಚ್ಚಿತು. ಆ ಕಲೆ ನೋಡಿ ಅದೇ ಊರು ನಮ್ಮನ್ನು ಹೊಲಸು ಅಂದಿತು. ಆ ಮಾತಿಗೆ ನಾಚಿ ನಾವು ನಮ್ಮ ಹಲ್ಲನ್ನೇ ತಿಕ್ಕಿ ಕಳಕೊಂಡೆವು.

ಫ್ಲೋರೈಡಿಗೆ ಜಾತಿ ಇಲ್ಲ, ನಿಜ. ಬೋರು ನೀರು ಕುಡಿದ ಗೌಡರ ಮಕ್ಕಳಿಗೂ ಕಲೆ ಬಿದ್ದಿವೆ. ಆದರೆ ಅವರಿಗೆ 'ಪಾಪ, ನೀರಿನ ದೋಷ' ಅಂತಾರೆ. ನಮಗೆ 'ಇವರು ತಿಕ್ಕೋದೇ ಇಲ್ಲ' ಅಂತಾರೆ. ಕಲೆ ಒಂದೇ, ಹೆಸರು ಎರಡು.

1927ನ್ನ ನೆನಪು ಮಾಡಿಕೊಳ್ರಿ. ಬಾಬಾಸಾಹೇಬರು ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದರು. ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲೇ ಹೆಣ್ಣುಮಕ್ಕಳಿಗೆ ಉಡುಗೆ ತೊಡುಗೆ, ಸ್ವಚ್ಛತೆಯ ಮಾತು ಹೇಳಿದರು. ಮೊದಲು ನೀರು, ಆಮೇಲೆ ಸ್ವಚ್ಛತೆ. ನಮಗೆ ಪಾಠ ಹೇಳುವವರೆಲ್ಲ ಈ ಕ್ರಮವನ್ನು ತಿರುಗಿಸಿಬಿಡುತ್ತಾರೆ. ನೀರು ಕೊಡದೆ ಸ್ವಚ್ಛತೆ ಕೇಳುತ್ತಾರೆ.

ಈಗ ಏನು ಮಾಡಬೇಕು? ಡಾಕ್ಟರ್ ಹುಡುಗರು ಹೇಳಿದ್ದನ್ನು ಬರೀತೀನಿ.

ಇಟ್ಟಂಗಿ, ಉಸುಕು, ಬೂದಿ ಇವತ್ತೇ ಬಿಡ್ರಿ. ಇದ್ದಿಲ ಪುಡಿ ಹಲ್ಲನ್ನು ಬೆಳ್ಳಗೆ ಮಾಡುತ್ತದೆ, ಸುರಕ್ಷಿತ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂತ 2017ರಲ್ಲಿ ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯೇ ಪ್ರಕಟಿಸಿದೆ. ಸೋಡಾ ಪುಡಿ ಮೆತ್ತಗಿನದು, ಅದರಿಂದ ಸವೆತ ಕಡಿಮೆ. ಆದರೆ ಯೂಟ್ಯೂಬ್ ನೋಡಿ ಅದಕ್ಕೆ ಲಿಂಬೆಹುಳಿ ಹಿಂಡಬ್ಯಾಡ್ರಿ, ಹುಳಿ ಎನಾಮಲ್ಲನ್ನು ಮೆತ್ತಗೆ ಮಾಡುತ್ತದೆ. ಹುಳಿ ತಿಂದ ಕೂಡಲೇ ಹಲ್ಲು ತಿಕ್ಕಬ್ಯಾಡ್ರಿ, ನೀರಿನಿಂದ ಮುಕ್ಕಳಿಸಿ ಅರ್ಧ ತಾಸು ಬಿಡ್ರಿ. ಮೆತ್ತನೆಯ ಬ್ರಷ್, ಸಾದಾ ಪೇಸ್ಟ್, ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ, ಕೈ ಹಗುರ. ಬೇವಿನ ಕಡ್ಡಿಯೇ ಬೇಕಂದ್ರ ತುದಿ ಚೆನ್ನಾಗಿ ಅಗಿದು ಕುಂಚ ಮಾಡಿಕೊಂಡು, ಒಸಡಿಗೆ ಚುಚ್ಚದಂತೆ ಬಳಸ್ರಿ. ಸಣ್ಣ ಮಕ್ಕಳಿಗೆ ಪೇಸ್ಟ್ ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಕಾಳಿನಷ್ಟು ಸಾಕು. ಮಕ್ಕಳು ಅದನ್ನ ನುಂಗದಂತೆ ನೋಡಿಕೊಳ್ರಿ, ನಮ್ಮ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರೋದ್ರಿಂದ ಇದು ಮುಖ್ಯ.

ಇದು ಮನೆಯೊಳಗಿನ ಕೆಲಸ. ಹೊರಗಿನ ಕೆಲಸವೂ ಐತಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳ್ರಿ: ನಮ್ಮ ಕೇರಿಯ ಬೋರಿನ ನೀರಿನಲ್ಲಿ ಫ್ಲೋರೈಡ್ ಎಷ್ಟು ಐತಿ? ಪರೀಕ್ಷೆಯ ವರದಿ ತೋರಿಸ್ರಿ. ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ಎಷ್ಟು ದಿನ ಆಯಿತು? ನದಿ ನೀರಿನ ನಳ ನಮ್ಮ ಓಣಿಗೆ ಯಾವಾಗ? ಉತ್ತರ ಬಾಯಿಮಾತಿನಲ್ಲಿ ಬಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ. ಅರ್ಜಿ ಬರೆದುಕೊಡುವ ಕೆಲಸ ನನ್ನದು, ಮೆಸೇಜ್ ಮಾಡ್ರಿ. ಕೃಷ್ಣಾ, ಘಟಪ್ರಭಾ ಎರಡೂ ಹೊಳೆ ನಮ್ಮ ತಾಲ್ಲೂಕುಗಳಲ್ಲಿ ಹರಿಯುತ್ತವೆ. ಹೊಳೆ ದಂಡೆಯ ಮಕ್ಕಳ ಹಲ್ಲಿಗೆ ಬೋರು ನೀರಿನ ಕಲೆ ಬೀಳೋದು ಯಾರ ತಪ್ಪು?

ಶಾಲೆಯ ಮಾಸ್ತರರು, ಅಕ್ಕೋರು ಈ ಬರಹ ಓದುತ್ತಿದ್ದರೆ ಒಂದು ವಿನಂತಿ. ಮಗುವಿನ ಹಲ್ಲಿನ ಮೇಲೆ ಕಂದು ಕಲೆ ಕಂಡರೆ ಎಲ್ಲರ ಎದುರಿಗೆ ಬಾಯಿ ತೆರೆಸಬ್ಯಾಡ್ರಿ. ಅದು ಎಲ್ಲಿಯ ನೀರು ಕುಡಿಯುತ್ತದೆ ಅಂತ ಕೇಳ್ರಿ.

ಅಕ್ಕನ ಮಗಳನ್ನು ಹೋದ ವಾರ ಹಲ್ಲಿನ ಡಾಕ್ಟರ್ ಹತ್ತಿರ ಕರಕೊಂಡು ಹೋಗಿದ್ದೆ. ಬುಡದ ತಗ್ಗು ತುಂಬಿದರು. ಕಲೆಗೂ ಚಿಕಿತ್ಸೆ ಐತಿ ಅಂದರು. ಎನಾಮಲ್ಲಿನ ತೀರಾ ಮೇಲಿನ, ಕೂದಲೆಳೆ ದಪ್ಪದ ಪದರನ್ನು ಆಮ್ಲ ಮತ್ತು ನುಣ್ಣನೆ ಪುಡಿ ಹಚ್ಚಿ ಅಳತೆ ಮಾಡಿ ತೆಗೆಯುತ್ತಾರಂತೆ. ಕಲೆ ಆಳಕ್ಕೆ ಇಳಿಯದಿದ್ದರೆ ಇಷ್ಟರಲ್ಲೇ ತಿಳಿಯಾಗುತ್ತದಂತೆ. ಅಂದರೆ ಅದೂ ಉಜ್ಜುವುದೇ! ಆದರೆ ಅಳತೆ ಗೊತ್ತಿದ್ದವರ ಕೈಯಿಂದ ಎಣಿಸಿದಷ್ಟೇ ಸಲ. ನಾವು ಅಳತೆ ಇಲ್ಲದೆ, ನಾಚಿಕೆಯಿಂದ, ಜೀವಮಾನವಿಡೀ ಉಜ್ಜಿದೆವು.

ಕುರ್ಚಿಯಿಂದ ಎದ್ದು ಬಂದ ಅವಳು ಕೇಳಿದಳು, "ಮಾಮಾ, ಅಂದ್ರ ನಾ ಹೊಲಸು ಇದ್ದಿಲ್ಲ?"

"ಇಲ್ಲವ್ವಾ, ಎಂದೂ ಇದ್ದಿಲ್ಲ" ಅಂದೆ.

ಈ ಮಾತು ನಮ್ಮ ಆಯಿಗೆ ಯಾರೂ ಹೇಳಲಿಲ್ಲ. ಸಾಯುವವರೆಗೆ ಅವಳು ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ನಿಮ್ಮ ಮನೆಯಲ್ಲೂ ಹಂಗ ಸೆರಗು ಹಿಡಿಯುವ ಅವ್ವ, ಅಕ್ಕ, ತಂಗಿ ಇದ್ದರೆ ಇದನ್ನು ಓದಿ ಹೇಳ್ರಿ.

ಜೈ ಭೀಮ್.